ಮೊದಲ ರೋಡ್ ರೇಸ್, ಹೊಸ ಚಕ್ರ: ಹೊರಡುವ ಮುಂಚೆ ಮಾಡಿಕೊಂಡದ್ದು

ಸೈಕಲ್ಲಿನ ಹೊಸ ಚಕ್ರ ಕೈಗೆ ಬಂದಾಗ ರೇಸಿಗೆ ಮೂರು ವಾರ ಇತ್ತು. 50 ಮಿ.ಮೀ. ಆಳದ ಕಾರ್ಬನ್ ರಿಮ್. ರೇಸಿನ ದಿನಕ್ಕೇ ಎತ್ತಿಡು ಅಂದವರೇ ಜಾಸ್ತಿ. ನಾನು ಮಾರನೇ ದಿನವೇ ಹಾಕಿಕೊಂಡು ಹೊರಟೆ. ನೀವೂ ಹಾಗೇ ಮಾಡಿ. ರೇಸಿನ ಹೊತ್ತಿಗೆ ಆ ಚಕ್ರ ನಿಮಗೆ ಹಳೆಯದಾಗಿರಬೇಕು.

ಮೊದಲ ದಿನವೇ ಡಿಸ್ಕ್ ಬ್ರೇಕ್ ಉಜ್ಜುವ ಸದ್ದು ಶುರುವಾಯಿತು. ಗೇರ್ ಹಾಕಿದರೆ ಚೈನ್ ಸರಿಯಾಗಿ ಕೂರುತ್ತಿರಲಿಲ್ಲ. ಚಕ್ರ ಕೆಟ್ಟಿರಲಿಲ್ಲ. ಹಬ್ (ಚಕ್ರದ ನಡುವಿನ ಗುಂಬ) ಬದಲಾದರೆ ಡಿಸ್ಕ್, ಕ್ಯಾಸೆಟ್ (ಹಿಂಚಕ್ರದ ಗೇರ್ ಹಲ್ಲುಚಕ್ರಗಳ ಗೊಂಚಲು) ಎರಡೂ ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ, ಅಷ್ಟೇ. ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ಬ್ರೇಕ್ ಒತ್ತಿ ಹಿಡಿದೇ ಮತ್ತೆ ಬಿಗಿ ಮಾಡಿದೆ. ಗೇರ್ ಕೇಬಲ್ಲಿನ ತಿರುಪನ್ನು ಕಾಲು ಸುತ್ತು ತಿರುಗಿಸಿದೆ. ಹೊಸ ಡಿಸ್ಕ್ ಮೊದಮೊದಲು ಸರಿಯಾಗಿ ಹಿಡಿಯುವುದೂ ಇಲ್ಲ. ಖಾಲಿ ರಸ್ತೆಯಲ್ಲಿ ವೇಗವಾಗಿ ಹೋಗಿ, ಪೂರ್ತಿ ನಿಲ್ಲಿಸದೆ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಇಪ್ಪತ್ತು ಸಲ ಮಾಡಿದ ಮೇಲೆ ನನ್ನ ಬ್ರೇಕ್ ಹದಕ್ಕೆ ಬಂತು.

ಆಳದ ರಿಮ್ಮಿಗೆ ಉದ್ದ ವಾಲ್ವಿನ ಟ್ಯೂಬೇ ಬೇಕು, ಮರೆಯಬೇಡಿ. ಜೇಬಿನಲ್ಲಿರುವ ಸ್ಪೇರ್ ಟ್ಯೂಬ್ ಕೂಡ ಅಂಥದ್ದೇ ಇರಲಿ. ಇನ್ನೂರು ಕಿ.ಮೀ. ಆದ ಮೇಲೆ ಸ್ಪೋಕ್ ಬಿಗಿ ನೋಡಿಸಿ, ಬೆಂಡ್ ಇದ್ದರೆ ತೆಗೆಸಿ.

ನಾನು ಹೆಚ್ಚು ಕಲಿತದ್ದು ಟೈರಿನ ಗಾಳಿಯ ಬಗ್ಗೆ. ಹಳೆಯ 25 ಮಿ.ಮೀ. ಟೈರಿಗೆ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆಯುತ್ತಿದ್ದೆ. ಹೊಸ ಅಗಲ ರಿಮ್, 28 ಮಿ.ಮೀ. ಟೈರಿಗೂ ಅಷ್ಟೇ ಹೊಡೆದಾಗ ಸೈಕಲ್ ಕಲ್ಲಿನ ಮೇಲೆ ಓಡಿದ ಹಾಗೆ ಕುಣಿಯಿತು. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ 70ಕ್ಕೆ ಬಂದೆ. ನನ್ನ ತೂಕ 68 ಕೆ.ಜಿ. ತಿರುವಿನಲ್ಲಿ ಟೈರ್ ರಸ್ತೆಗೆ ಅಂಟಿಕೊಂಡ ಹಾಗನ್ನಿಸಿದ್ದು ಆಗಲೇ. ನಿಮ್ಮದು ಹುಕ್‌ಲೆಸ್ ರಿಮ್ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಆಗಿದ್ದರೆ 72.5 ಪಿಎಸ್‌ಐ ದಾಟಲೇಬೇಡಿ. ಟೈರ್ ಆ ರಿಮ್ಮಿಗೆ ಹೊಂದುತ್ತದಾ ಅಂತಲೂ ಓದಿ ನೋಡಿ. ಟೈರ್ ಕಳಚಿದರೆ ಜೀವಕ್ಕೇ ಅಪಾಯ.

ಇನ್ನು ಅಡ್ಡಗಾಳಿ. ಮರಗಳ ಸಾಲು ಮುಗಿದು ಬಯಲು ಶುರುವಾದ ಕಡೆ ಆಳದ ರಿಮ್ಮಿಗೆ ಗಾಳಿ ಬಡಿದು ಮುಂದಿನ ಚಕ್ರ ಒಮ್ಮೆಲೇ ಪಕ್ಕಕ್ಕೆ ಎಳೆಯಿತು. ಹೆದರಿ ಹ್ಯಾಂಡಲ್ ಬಿಗಿ ಹಿಡಿದೆ, ಇನ್ನಷ್ಟು ಓಲಾಡಿತು. ಕೈ ಸಡಿಲ ಬಿಟ್ಟು, ಮೊಣಕೈ ಮಡಚಿ, ಮೈ ತಗ್ಗಿಸಿದರೆ ಅದೇ ನೇರವಾಗುತ್ತದೆ. ಗಾಳಿ ಇರುವ ದಿನ ಬೇಕಂತಲೇ ಎರಡು ಸಲ ಅಲ್ಲಿಗೇ ಹೋದೆ. ರೇಸಿನ ದಿನ ಜೋರು ಗಾಳಿ ಅಂತ ಗೊತ್ತಾದರೆ ಮುಂದಕ್ಕೆ ಹಳೆಯ ಚಕ್ರ ಹಾಕಿ. ಸೈಕಲ್ ತಿರುಗಿಸುವುದು ಮುಂದಿನದೇ ಅಲ್ವಾ?

ಗುಂಪಿನಲ್ಲೂ ಓಡಿಸಿ ನೋಡಿ. ಪೆಡಲ್ ನಿಲ್ಲಿಸಿದರೂ ಹೊಸ ಚಕ್ರ ಓಡುತ್ತಲೇ ಇರುತ್ತಿತ್ತು. ಹಾಗಾಗಿ ಮುಂದಿನವರ ಹಿಂಚಕ್ರಕ್ಕೆ ತೀರಾ ಹತ್ತಿರ ಹೋಗಿಬಿಡುತ್ತಿದ್ದೆ. ನಿಮ್ಮ ಮುಂಚಕ್ರ ಅದರ ಪಕ್ಕಕ್ಕೆ ಸೇರಿಕೊಳ್ಳಲು ಮಾತ್ರ ಬಿಡಬೇಡಿ. ತಾಗಿದರೆ ಬೀಳುವುದು ಹಿಂದಿನವರೇ.

ಕಾರಿನಲ್ಲಿ ಹೊರಡುವಾಗ ಚಕ್ರ ಬಿಚ್ಚಿದರೆ ಬ್ರೇಕ್ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಇಡಿ. ಲಿವರ್ ಅಕಸ್ಮಾತ್ ಒತ್ತಿದರೂ ಪ್ಯಾಡ್ ಮುಚ್ಚಿಕೊಳ್ಳುವುದಿಲ್ಲ. ಹಳೆಯ ಚಕ್ರಗಳನ್ನೂ ಕ್ಯಾಸೆಟ್ ಸಮೇತ ಒಯ್ಯಿರಿ. ನಾನು ಹಿಂದಿನ ಸಂಜೆಯೇ ತಲುಪಿ ಕೊನೆಯ ಹತ್ತು ಕಿ.ಮೀ. ನಿಧಾನಕ್ಕೆ ಸುತ್ತಿ ಬಂದೆ. ಮುಕ್ತಾಯಕ್ಕೆ ಸ್ವಲ್ಪ ಮುಂಚೆ ಬಲಕ್ಕೊಂದು ತಿರುವು, ಒಳಬದಿಗೆ ಸಡಿಲ ಜಲ್ಲಿ. ಮರುದಿನ ಆ ತಿರುವು ಬರುವ ಹೊತ್ತಿಗೆ ನಾನು ಗುಂಪಿನ ಹೊರಬದಿಗೆ ಸರಿದಾಗಿತ್ತು.