ಹಳದಿ ಕೊಡೆ

21 ಮಾರ್ಚ್ 2025, ಶುಕ್ರವಾರ
ರಾತ್ರಿ 11.20, ನಿಶಿಕಸಾಯ್, ಟೋಕಿಯೋ

ಇವರೂ ಪುಟ್ಟಿನೂ ಮಲಗಿ ಆಯ್ತು. ನನಗೆ ನಿದ್ದೆ ಬರ್ತಿಲ್ಲ. ಸಾಯಂಕಾಲ ಅಮ್ಮ ಫೋನ್ ಮಾಡಿದಾಗ್ಲೂ ಸರಿಯಾಗಿ ಮಾತಾಡ್ಲಿಲ್ಲ, 30ಕ್ಕೆ ಯುಗಾದಿ, ಅಲ್ಲಿ ಬೇವು ಸಿಗತ್ತೇನೇ ಅಂತ ಕೇಳ್ತಿದ್ರು, ಹೂಂ ಹೂಂ ಅಂದು ಇಟ್ಟುಬಿಟ್ಟೆ.

ನಿನ್ನೆ ರಜೆ ಇತ್ತಲ್ಲ, ಇಲ್ಲಿನವರಿಗೆ ಇದು ಹಿಗಾನ್ ವಾರ, ನಮ್ಮ ಪಿತೃಪಕ್ಷದ ಥರ, ಸಮಾಧಿಗೆ ಹೋಗಿ ತೊಳೆದು ಹೂವಿಟ್ಟು ಬರ್ತಾರೆ. ಟೀಮಿನ ಹಿರಿಯರು (ರಿಟೈರ್ ಆಗೋರು ಅಂತ ಆಗಾಗ ಬರೀತೀನಲ್ಲ, ಅವರೇ) ಇವತ್ತು ಎಲ್ಲರಿಗೂ ಬೋತಮೋಚಿ ತಂದಿದ್ರು, ಹೆಂಡತಿ ಮಾಡಿದ್ದು. ಒಳಗೆ ಅನ್ನದ ಮುದ್ದೆ, ಮೇಲೆ ಕೆಂಪು ಕಾಳಿನ ಸಿಹಿ, ಥೇಟ್ ಹೋಳಿಗೆ ಹೂರಣ. ತಿನ್ನೋಕೆ ಅಂತ ಕೈಲಿದ್ದ ಕೀ ಗೊಂಚಲನ್ನ ಟೇಬಲ್ ಮೇಲಿಟ್ಟೆ. ಗೋಕರ್ಣದಲ್ಲಿ ತಗೊಂಡ ಹಿತ್ತಾಳೆ ಓಂ ಇದೆ ಅದರಲ್ಲಿ. ಅವರು ಅದನ್ನೇ ನೋಡ್ತಾ ಕೂತ್ರು.

"ಇದು ಓಮು ಅಲ್ವಾ" ಅಂದ್ರು, ಮೆಲ್ಲಗೆ.

ನಾನು ದಿನಾ ಕಯಾಬಾಚೋದಲ್ಲಿ ಹಿಬಿಯಾ ಲೈನಿಗೆ ಬದಲಾಯಿಸಿ ಕಸುಮಿಗಸೆಕಿಯಲ್ಲಿ ಇಳಿಯೋಳು, ಆರು ವರ್ಷದಿಂದ. ಆ ಮೆಟ್ರೋ ವಿಷದ ದಾಳಿ ನಡೆದಿದ್ದು ಅಲ್ಲೇ ಅಂತ ಗೊತ್ತು, ನಿನ್ನೆಗೆ 30 ವರ್ಷ ಆಯ್ತು ಅಂತ ನ್ಯೂಸಲ್ಲೂ ನೋಡಿದ್ದೆ, ಆದ್ರೂ ಈ ಕೀ ಗೊಂಚಲು ಯಾರ ಕಣ್ಣಿಗೆ ಹೇಗೆ ಕಾಣಬಹುದು ಅಂತ ಒಂದು ದಿನಾನೂ ಯೋಚನೆ ಬಂದಿರ್ಲಿಲ್ಲ. ಓಂ ಶಿನ್ರಿಕ್ಯೋ, ಇಲ್ಲಿನವರ ಬಾಯಲ್ಲಿ ಓಮು, ಆ ದಾಳಿ ಮಾಡಿದ ಪಂಥ. ಅವರ ಗುರು ಅಸಹಾರಾ ನಮ್ಮ ಪದಗಳನ್ನೇ ಎತ್ಕೊಂಡಿದ್ದ, ಫ್ಯೂಜಿ ಬೆಟ್ಟದ ಬುಡದಲ್ಲಿ ಕಟ್ಟಿದ ಕಟ್ಟಡಗಳಿಗೆ ಸತ್ಯಂ ಅಂತ ಹೆಸರಿಟ್ಟು ನಂಬರ್ ಕೊಟ್ಟಿದ್ದ. ಸರೀನ್ ವಿಷ ತಯಾರಿಸ್ತಿದ್ದಿದ್ದು 7ನೇ ಸತ್ಯಂನಲ್ಲಿ. ಓದಿದಾಗ ಹೊಟ್ಟೆ ತೊಳೆಸಿದ ಹಾಗಾಯ್ತು.

1995 ಮಾರ್ಚ್ 20ರ ಬೆಳಿಗ್ಗೆ ನಮ್ಮ ಹಿರಿಯರು ಇಬರಾಕಿ ಕಡೆಯಿಂದ ಚಿಯೋದಾ ಲೈನಲ್ಲಿ ಬರ್ತಿದ್ರಂತೆ, ವಿಷ ಇಟ್ಟಿದ್ದ ಟ್ರೈನಿನ ಹಿಂದೆ ಬರ್ತಿದ್ದ ಒಂದರಲ್ಲಿ. ಮಧ್ಯದಲ್ಲೇ ಇಳಿಸಿದ್ರು, ನಡ್ಕೊಂಡು ಬಂದು ನೋಡಿದ್ರೆ ಫುಟ್‌ಪಾತ್ ಮೇಲೆ ಜನ ಬಿದ್ದಿದ್ರಂತೆ, ಕಣ್ಣು ಕಾಣ್ತಿಲ್ಲ ಕಾಣ್ತಿಲ್ಲ ಅಂತಿದ್ರಂತೆ. ಕಸುಮಿಗಸೆಕಿ ಸ್ಟೇಷನ್ನಿನ ಇಬ್ಬರು ಸಿಬ್ಬಂದಿ ಸತ್ತರು. ಒಟ್ಟು 14 ಜನ, ಕೊನೆಯವರು 25 ವರ್ಷ ನರಳಿ 2020ರಲ್ಲಿ ಹೋದ್ರು. ವಿಷದ ಪ್ಯಾಕೆಟ್ ಚುಚ್ಚಿದ್ದು ಕೊಡೆಯ ತುದಿಯಿಂದ, ಅದಕ್ಕೇ ಅಂತ ಚೂಪು ಮಾಡಿದ ಕೊಡೆ.

ಇಷ್ಟೇ ಹೇಳಿದ್ರೆ ನಾನು ಇಷ್ಟು ಹೊತ್ತು ಎದ್ದಿರ್ತಿರ್ಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಇನ್ನೊಂದು ಹೇಳಿದ್ರು. ಐದಾರು ವರ್ಷ ಆದ್ಮೇಲೆ ಅವರ ಊರಿಗೆ ಓಂನವರು ಯಾರೋ ಬಾಡಿಗೆಗೆ ಬಂದ್ರಂತೆ. ಊರವರೆಲ್ಲ ಸೇರಿ ಮನೆ ಮುಂದೆ ಪಾಳಿ ಮೇಲೆ ನಿಂತ್ರಂತೆ, ಓಮು ಹೊರಗೆ ಹೋಗಿ ಅಂತ ಬೋರ್ಡ್ ಹಿಡ್ಕೊಂಡು. ಇವರೂ ನಿಂತ್ರಂತೆ, ಭಾನುವಾರ ಭಾನುವಾರ. ಒಂದಿನ ಮಳೆ ಬಂದಿತ್ತು, ಆ ಮನೆ ಬಾಗಿಲ ಹೊರಗೆ ಒಂದು ಪುಟ್ಟ ಹಳದಿ ಕೊಡೆ ಬಿಚ್ಚಿ ಒಣಗೋಕೆ ಇಟ್ಟಿದ್ರಂತೆ.

"ಕೊಡೆ ಅಂದ್ರೆ ಆಗ ನಮಗೆಲ್ಲ ಏನು ನೆನಪಾಗ್ತಿತ್ತು ನಿಮಗೆ ಗೊತ್ತಲ್ಲ. ಆದ್ರೆ ಅದು ನನ್ನ ಮಗಳ ಕೊಡೆಯಷ್ಟೇ ಇತ್ತು" ಅಂದ್ರು.

ಆಮೇಲೆ? ಅಂದೆ. ಏನಿಲ್ಲ, ಪಾಳಿ ಮುಗಿಯೋವರೆಗೂ ನಿಂತೇ ಇದ್ದೆ ಅಂದ್ರು. ಡಬ್ಬಿ ಮುಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿದ್ರು. ನಾನು ಕೀ ಗೊಂಚಲನ್ನ ಜೇಬಿಗೆ ಹಾಕೋಕೆ ಹೋದೆ, ಬೇಡ, ಅದು ನಿಮ್ಮದು, ಅಲ್ಲೇ ಇರ್ಲಿ ಅಂದ್ರು.

ಟ್ರೈನಲ್ಲಿ ಬರ್ತಾ ಮೊಬೈಲಲ್ಲಿ ಓದ್ತಾ ಓದ್ತಾ ನಿಶಿಕಸಾಯ್ ದಾಟಿ ಮುಂದಿನ ಸ್ಟೇಷನ್ನಿಗೆ ಹೋಗ್ಬಿಟ್ಟಿದ್ದೆ. ಅಸಹಾರಾನ ಮೂರನೇ ಮಗಳು ಮತ್ಸುಮೊಟೊ ರಿಕಾ. ಅಪ್ಪ ಅವಳಿಗೆ ಆಚಾರೀ ಅಂತ ಹೆಸರಿಟ್ಟು ಪಂಥದಲ್ಲಿ ತನ್ನ ಕೆಳಗಿನ ಅತಿ ದೊಡ್ಡ ಪದವೀಲಿ ಕೂರಿಸಿದ್ದ. ಅಷ್ಟು ಸಣ್ಣ ಹುಡುಗಿಗೆ ದೊಡ್ಡೋರೆಲ್ಲ ತಲೆ ಬಾಗಬೇಕು. ಪೊಲೀಸರು ಅವನನ್ನ ಗೂಡಿನಂಥಾ ಕೋಣೆಯಿಂದ ಹೊರಗೆ ತಂದಾಗ ಅವಳಿಗೆ 12. ಆಮೇಲೆ ಈ ಮಕ್ಕಳನ್ನ ಶಾಲೆಗೇ ಸೇರಿಸ್ಕೊಳ್ಳಲ್ಲ ಅಂದ ಊರುಗಳಿವೆ. 2004 ಫೆಬ್ರವರಿಯಲ್ಲಿ ಅಪ್ಪನಿಗೆ ಮರಣದಂಡನೆ ಆಯ್ತು, ಅದೇ ವರ್ಷ ಅವಳು ಪಾಸಾಗಿದ್ದ ಕಾಲೇಜು ಯಾರ ಮಗಳು ಅಂತ ಗೊತ್ತಾದ್ಮೇಲೆ ಸೀಟಿಲ್ಲ ಅಂತು. ಕೋರ್ಟಿಗೆ ಹೋಗಿ ಬೇರೆ ಕಡೆ ಓದಿದ್ಳು. ಪರೀಕ್ಷೆ ಬರೆದಿದ್ದು ಅವಳು ತಾನೇ? ವಿಷ ಮಾಡಿದ್ದು ಅವಳಲ್ಲ ತಾನೇ?

ಹೀಗೆ ಬರೀವಾಗ ಆ ಕಡೆಯೂ ನೆನಪಾಗತ್ತೆ. 1989ರಲ್ಲಿ ಪಂಥದವರು ತಮ್ಮ ವಿರುದ್ಧ ಕೇಸ್ ನಡೆಸ್ತಿದ್ದ ವಕೀಲರನ್ನ ಕೊಂದ್ರು, ಹೆಂಡತೀನ ಕೊಂದ್ರು, ಒಂದು ವರ್ಷದ ಕೂಸನ್ನೂ ಬಿಡ್ಲಿಲ್ಲ. ಆ ಕೂಸಿನ ಅಜ್ಜಿ ಎದುರು ನಿಂತು ಆಚಾರೀ ಪಾಪ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೂ ಪಾಪ ಅಂತಾನೇ ಅನ್ಸತ್ತೆ.

2018 ಜುಲೈ 6ಕ್ಕೆ ಅಸಹಾರಾನನ್ನ ಗಲ್ಲಿಗೇರಿಸಿದ್ರು. ಅಸ್ಥಿ ಇನ್ನೂ ಸರಕಾರದ ಹತ್ರಾನೇ ಇದೆ. ನಾಲ್ಕನೇ ಮಗಳು ಅಪ್ಪ ಅಮ್ಮನ ಜೊತೆ ಸಂಬಂಧವೇ ಬೇಡ ಅಂತ ಕೋರ್ಟಿಗೆ ಹೋದವಳು, ನನಗೆ ಬಂದ್ರೆ ಸಮುದ್ರಕ್ಕೆ ಬಿಡ್ತೀನಿ ಅಂದ್ಳು. ಎರಡನೆಯವಳಿಗೆ ಸೇರ್ಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಅಂತು, ಕೊಟ್ಬಿಡಿ ಅಂತ ಕಳೆದ ವರ್ಷ ಟೋಕಿಯೋ ಕೋರ್ಟೂ ಅಂತು, ಸರಕಾರ ಅಪೀಲ್ ಹೋಯ್ತು. ಅದನ್ನಿಟ್ಟು ಪೂಜೆ ಶುರು ಮಾಡ್ತಾರೆ ಅನ್ನೋ ಭಯ. ಭಯ ಸುಳ್ಳಲ್ಲ, ಅವನನ್ನ ಈಗಲೂ ನಂಬೋರಿದ್ದಾರೆ. ಒಂದೇ ಅಪ್ಪ, ಒಬ್ಬಳಿಗೆ ಕಡಲಿಗೆ ಬಿಡ್ಬೇಕು, ಒಬ್ಬಳಿಗೆ ಮನೆಗೆ ತರ್ಬೇಕು. ಇಬ್ಬರದ್ದೂ ನನಗೆ ಅರ್ಥ ಆಗತ್ತೆ, ಅದೇ ಕಷ್ಟ.

ನಮ್ಮಪ್ಪ ಏನು ಅಂತ ನಿಮಗೆಲ್ಲ ಗೊತ್ತೇ ಇದೆ. ಅಮ್ಮನ ಮುಂಗೈ ಇನ್ನೂ ಸೊಟ್ಟ. ಹೋದ ವರ್ಷ ಪಶ್ಚಿಮವಾಹಿನೀಲಿ ಅಣ್ಣ ಮಡಕೆ ನೀರಿಗೆ ಬಿಟ್ಟಾಗ ನಾನು ಅಳಬಾರ್ದು ಅಂತಾನೇ ನಿಂತಿದ್ದೆ, ಎಷ್ಟು ಅತ್ತೆ ಅಂದ್ರೆ ಪುರೋಹಿತರೇ ನೀರು ಕೊಟ್ರು. ಅಮ್ಮ ಅಳಲಿಲ್ಲ. ನನ್ನ ಮುಖ ನೋಡಿದ್ರು ಅಷ್ಟೇ. ಆ ನೋಟ ಏನಾಗಿತ್ತು ಅಂತ ಇವತ್ತಿಗೂ ಕೇಳಿಲ್ಲ.

ಏಪ್ರಿಲಲ್ಲಿ ಪುಟ್ಟಿ ಒಂದನೇ ಕ್ಲಾಸು. ಶಾಲೆಗೆ ಬೇಕಾದ ಸಾಮಾನೆಲ್ಲ ಬಾಗಿಲ ಹತ್ರಾನೇ ಇದೆ, ಬ್ಯಾಗು, ಹಳದಿ ಟೋಪಿ, ಕೊಡೇನೂ ಹಳದಿನೇ ತಂದಿದ್ದೀವಿ, ಇಲ್ಲಿ ಪುಟ್ಟ ಮಕ್ಕಳಿಗೆ ಅದೇ ಬಣ್ಣ, ರಸ್ತೇಲಿ ಗಾಡಿಯವರಿಗೆ ಕಾಣಲಿ ಅಂತ. ಈಗ ನೀರು ಕುಡಿಯೋಕೆ ಎದ್ದಾಗ ಲೈಟ್ ಹಾಕ್ದೆ, ಅದರ ತುದಿ ನೋಡ್ದೆ, ಉಂಡೆ ಥರ ಪ್ಲಾಸ್ಟಿಕ್ ಹಾಕಿದ್ದಾರೆ, ಯಾರಿಗೂ ಚುಚ್ಚದಿರಲಿ ಅಂತ. ನಾಳೆ ಅಮ್ಮನಿಗೆ ಫೋನ್ ಮಾಡಿ ಬೇವಿನ ವಿಷಯ ಹೇಳ್ಬೇಕು, ಹಾಗೇ ಆ ದಿನದ್ದೂ