ಕವರಿಗೆ ಕತ್ತರಿ ಹಾಕುವ ಮುನ್ನ

ವಿದೇಶದಿಂದ ಬರುವ ಸ್ಟಾಂಪು ದಾರಿಯಲ್ಲಿ ಹಾಳಾಗುವುದು ಕಡಿಮೆ. ಹಾಳಾಗುವುದು ಮನೆಗೆ ಬಂದ ಮೇಲೆ, ಅದೂ ಮೊದಲ ಹತ್ತು ನಿಮಿಷದಲ್ಲಿ. ಮೂಲೆ ಎತ್ತಿ ಎಳೆದು ನೋಡುವುದು, ಸ್ಟಾಂಪಿನ ಸುತ್ತಲಿನ ಹಲ್ಲಿನ ಅಂಚಿಗೇ ಕತ್ತರಿ ಆಡಿಸುವುದು, ಕೆಂಪು ಲಕೋಟೆಯ ತುಂಡನ್ನೂ ಬಿಳಿ ಲಕೋಟೆಯ ತುಂಡನ್ನೂ ನೆನೆಸಲು ಒಂದೇ ಬಟ್ಟಲಿನ ನೀರಿಗೆ ಹಾಕುವುದು, ಇಷ್ಟು ಸಾಕು. ಸ್ಟಾಂಪು ಮುಂದಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ತಿರುಗಿಸಿ ಬೆಳಕಿಗೆ ಹಿಡಿದರೆ ಕಾಗದದ ಒಂದು ಪದರ ಎದ್ದುಹೋಗಿ ತೆಳುವಾದ ಜಾಗ ಕಾಣುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಅಂಗಡಿಯಲ್ಲಿ ಪ್ಯಾಕೆಟ್ಟುಗಟ್ಟಲೆ ಸಿಗುವ ಸ್ಟಾಂಪಿಗಿಂತ, ಯಾರೋ ಬರೆದ ಕಾಗದದ ಮೇಲೆ ಅಂಟಿಕೊಂಡು ಬಂದದ್ದಕ್ಕೆ ನನ್ನ ಲೆಕ್ಕದಲ್ಲಿ ಬೆಲೆ ಹೆಚ್ಚು. ಪ್ಯಾಕೆಟ್ಟಿನ ಎಷ್ಟೋ ಸ್ಟಾಂಪುಗಳು ಅಂಚೆಡಬ್ಬಿಯನ್ನೇ ಕಂಡಿರುವುದಿಲ್ಲ. ಮೂಲೆಯಲ್ಲಿ ಅಚ್ಚುಕಟ್ಟಾದ ಕಾಲು ವೃತ್ತದ ಠಸ್ಸೆ ಇದ್ದು ಹಿಂದೆ ಅಂಟು ಹಾಗೇ ಉಳಿದಿದ್ದರೆ, ಅದು ಸಂಗ್ರಹಕಾರರಿಗೆ ಮಾರಲೆಂದೇ ಠಸ್ಸೆ ಒತ್ತಿದ್ದು. ಪೂರ್ವ ಜರ್ಮನಿ, ಸೋವಿಯತ್ ಒಕ್ಕೂಟ ಇದ್ದ ಕಾಲದಲ್ಲಿ ಇಂಥವು ರಾಶಿರಾಶಿ ಬಂದಿವೆ. ಕಾಗದದ ಮೇಲೆ ಬಂದದ್ದರ ಜೊತೆಗೆ ಊರು, ದಿನ, ದಾರಿ ಎಲ್ಲವೂ ಬರುತ್ತವೆ. ಹಾಗಾಗಿ ಕತ್ತರಿ ತೆಗೆಯುವ ಮೊದಲು ಕವರನ್ನು ಹಿಂದೆಮುಂದೆ ಓದಬೇಕು.

ಇಡೀ ಕವರನ್ನೇ ಉಳಿಸಬೇಕಾದ ಸಂದರ್ಭಗಳಿವೆ. ರಿಜಿಸ್ಟರ್ಡ್ ಚೀಟಿ ಅಂಟಿಸಿದ್ದು, ಹಿಂಬದಿಯಲ್ಲಿ ದಾರಿಯ ಇನ್ನೊಂದು ಊರಿನ ಠಸ್ಸೆ ಬಿದ್ದದ್ದು, ವಿಳಾಸ ತಪ್ಪಿ ಬೇರೆ ದೇಶ ಸುತ್ತಿ ಬಂದದ್ದು, ಚಿತ್ರವಿರುವ ವಿಶೇಷ ಠಸ್ಸೆ ಒತ್ತಿದ್ದು, ಇವನ್ನು ಕತ್ತರಿಸಬೇಡಿ. 1950ಕ್ಕಿಂತ ಹಳೆಯದಾದರೆ ಯೋಚನೆಯೇ ಬೇಡ, ಕವರು ಹೇಗಿದೆಯೋ ಹಾಗೇ ಇರಲಿ. ಹಳೆಯ ಟ್ರಂಕಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಕಾಗದ ಸಿಕ್ಕರೆ ಪಕ್ಕದಲ್ಲಿ ಸೆನ್ಸಾರಿನವರು ಒಡೆದು ಮತ್ತೆ ಮುಚ್ಚಿದ ಪಟ್ಟಿ ಇದೆಯೇ ನೋಡಿ. ಆ ಪಟ್ಟಿಯ ಬೆಲೆ ಸ್ಟಾಂಪಿಗಿಂತ ಹೆಚ್ಚಿರಬಹುದು. ಪೋಸ್ಟ್‌ಕಾರ್ಡಿನಿಂದ ಸ್ಟಾಂಪು ಕೀಳುವುದನ್ನು ನಾನು ಒಪ್ಪುವುದಿಲ್ಲ. ಚಿತ್ರ, ಬರಹ, ಠಸ್ಸೆ ಮೂರೂ ಸೇರಿದರೇ ಅದು ಕಾರ್ಡು. ಅಲ್ಲದೆ ನುಣುಪು ಹಾಳೆಯ ಕಾರ್ಡು ನೀರಿಗೆ ಬಿದ್ದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಠಸ್ಸೆಯ ತಾರೀಖು ಓದುವಾಗ ಎಚ್ಚರ ಬೇಕು. ತೈವಾನಿನ ಠಸ್ಸೆಯಲ್ಲಿ ವರ್ಷ 113 ಎಂದಿದ್ದರೆ 1911 ಕೂಡಿಸಬೇಕು, 2024 ಆಗುತ್ತದೆ. ಥಾಯ್ಲೆಂಡಿನಲ್ಲಿ ಬೌದ್ಧ ಶಕೆ ಕಂಡರೆ 543 ಕಳೆಯಬೇಕು. ಜಪಾನಿನ ದೇಶೀಯ ಠಸ್ಸೆಯಲ್ಲಿ ರೇವಾ ಶಕೆಯ 6 ಎಂದರೂ 2024ನೇ ಇಸವಿಯೇ, ಅಲ್ಲಿ 2018 ಕೂಡಿಸಬೇಕು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ ಎಂಬುದು ಮರೆತರೂ ಲೆಕ್ಕ ತಪ್ಪುತ್ತದೆ. ಓದಿದ್ದನ್ನು ಸ್ಟಾಂಪಿನ ಮೇಲಲ್ಲ, ಬೇರೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಇನ್ನು ಕತ್ತರಿ. ಸ್ಟಾಂಪಿನ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ. ಠಸ್ಸೆ ಪೂರ್ತಿಯಾಗಿ ದುಂಡಗೆ, ಓದುವಂತೆ ಬಿದ್ದಿದ್ದರೆ ಅದೂ ಒಳಗೆ ಬರುವಷ್ಟು ದೊಡ್ಡದಾಗಿ ಕತ್ತರಿಸಿ, ಹಾಗೇ ಇಟ್ಟುಕೊಳ್ಳಿ. ಒಂದೇ ಒಂದು ಹಲ್ಲು ತುಂಡಾದರೂ ಸ್ಟಾಂಪು ಊನವೇ.

ನೀರಿಗೆ ಹಾಕುವ ಮೊದಲು ಗೊತ್ತಾಗಬೇಕಾದ್ದು ಒಂದೇ: ಇದು ಅಂಟು ಬಳಿದ ಹಳೇ ಬಗೆಯದೋ, ಸ್ಟಿಕ್ಕರ್ ಬಗೆಯದೋ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಹಲ್ಲಿನ ತುದಿ ನೋಡಿ. ತೂತು ಕೊರೆದು ಹರಿದ ಸ್ಟಾಂಪಿನ ಹಲ್ಲಿನ ತುದಿಯಲ್ಲಿ ಕಾಗದದ ನಾರು ಕೂದಲೆಳೆಯಂತೆ ಎದ್ದಿರುತ್ತದೆ. ಸ್ಟಿಕ್ಕರಿನ ಅಂಚು ಅಚ್ಚಿನಿಂದ ಕತ್ತರಿಸಿದ್ದು. ಅಲೆಅಲೆಯಾಗಿದ್ದರೂ ನುಣ್ಣಗಿರುತ್ತದೆ, ನಾರು ಕಾಣುವುದಿಲ್ಲ.

ಅಂಟಿನದಾದರೆ ಕೆಲಸ ಸುಲಭ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಉಗುರುಬೆಚ್ಚಗಿನ ನೀರು. ಬಿಸಿ ಹೆಚ್ಚಾದರೆ ಕೆಲವು ಮಸಿ ಬಿಟ್ಟುಕೊಳ್ಳುತ್ತದೆ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ತುಂಡು ಸಾಕು, ಒಂದರ ಮೇಲೊಂದು ಕೂರಬಾರದು. ಹತ್ತು ಹದಿನೈದು ನಿಮಿಷದಲ್ಲಿ, ನೆನೆದ ಅವರೆಕಾಳನ್ನು ಹಿದುಕಿದರೆ ಸಿಪ್ಪೆ ಜಾರುವ ಹಾಗೆ, ಸ್ಟಾಂಪು ತಾನಾಗಿ ಜಾರಬೇಕು. ಜಾರಲಿಲ್ಲವೇ, ಇನ್ನೂ ಹತ್ತು ನಿಮಿಷ ಬಿಡಿ. ಅರೆಬರೆ ಬಿಟ್ಟಿದ್ದರೆ ಸ್ಟಾಂಪಿನ ಮುಖ ಕೆಳಗೆ ಮಾಡಿ, ಲಕೋಟೆಯ ಕಾಗದವನ್ನು ಅದರಿಂದ ಸುಲಿಯಿರಿ. ಸ್ಟಾಂಪನ್ನೇ ಹಿಡಿದು ಎಳೆಯಬಾರದು, ಯಾಕೆಂದರೆ ಒದ್ದೆ ಕಾಗದದಲ್ಲಿ ಎಳೆದ ಕಡೆಯೇ ಹರಿಯುವುದು. ಬಿಟ್ಟ ಸ್ಟಾಂಪನ್ನು ಇನ್ನೊಂದು ಬಟ್ಟಲಿನ ಶುದ್ಧ ನೀರಿಗೆ ಹಾಕಿ, ಹಿಂಭಾಗವನ್ನು ಬೆರಳಿನ ತುದಿಯಿಂದ ಮೆಲ್ಲಗೆ ಸವರಿ. ಲೋಳೆ ಲೋಳೆ ಅನ್ನಿಸುವುದು ನಿಲ್ಲುವವರೆಗೂ ಅಂಟು ಇದೆ ಎಂದೇ ಅರ್ಥ. ಆ ಅಂಟು ಉಳಿದರೆ ಒಣಗುವಾಗ ಕೆಳಗಿನ ಹಾಳೆಗೆ ಮತ್ತೆ ಕಚ್ಚಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಮನೆಯಾದರೆ ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ.

ಒಣಗಿಸಲು ಹಳೇ ನ್ಯೂಸ್‌ಪೇಪರ್ ಬೇಡ, ಅದರ ಮಸಿ ಹತ್ತುತ್ತದೆ. ಅಚ್ಚಾಗದ ಬಿಳಿ ಹಾಳೆಯ ಮೇಲೆ ಮುಖ ಕೆಳಗೆ ಮಾಡಿ ಹರಡಿ. ಫ್ಯಾನು ಆರಿಸುವುದನ್ನು ಮರೆಯಬೇಡಿ. ಸ್ಟಾಂಪು ಸುರುಳಿ ಸುತ್ತುವುದು ಸಹಜ, ಹೆದರಬೇಕಿಲ್ಲ. ಮೇಲಿನ ನೀರು ಆರಿ ತೇವ ಮಾತ್ರ ಉಳಿದಾಗ ಎರಡು ಹೀರುಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯೆಲ್ಲ ಬಿಡಿ. ಪೂರ್ತಿ ಒದ್ದೆ ಇರುವಾಗಲೇ ಹೇರಿದರೆ ಬೂಷ್ಟು ಬರುತ್ತದೆ.

ಬಣ್ಣದ ಲಕೋಟೆಗೆ ಮಾತ್ರ ಪ್ರತ್ಯೇಕ ಬಟ್ಟಲು. ಕ್ರಿಸ್‌ಮಸ್ಸಿಗೆ ಬರುವ ಕೆಂಪು, ಹಸಿರು ಕವರುಗಳು, ಚೀನೀ ಹೊಸವರ್ಷದ ಕೆಂಪು ಕವರುಗಳು ನಿಮಿಷದೊಳಗೆ ಬಣ್ಣ ಬಿಡುತ್ತವೆ, ಆ ಬಣ್ಣ ಸ್ಟಾಂಪಿನ ಬಿಳಿ ಅಂಚಿಗೆ ಹತ್ತಿದರೆ ಹೋಗುವುದಿಲ್ಲ. ತಣ್ಣೀರು, ಒಂದೊಂದೇ ತುಂಡು, ಬಣ್ಣ ಕಂಡ ಕೂಡಲೇ ನೀರು ಬದಲು. ನೇರಳೆ ಮಸಿಯ ಠಸ್ಸೆ ಇದ್ದರೂ ಇದೇ ಕ್ರಮ. ಅನುಮಾನ ಬಂದರೆ ನೆನೆಸದೆ ಕಾಗದ ಸಮೇತ ಇಟ್ಟುಕೊಳ್ಳುವುದೇ ಮೇಲು.

ಸ್ಟಿಕ್ಕರ್ ಸ್ಟಾಂಪಿನದು ಬೇರೆಯೇ ಕಥೆ. ಮೊದಲು ಬಂದ ಸ್ಟಿಕ್ಕರುಗಳಲ್ಲಿ ಕಾಗದಕ್ಕೂ ಅಂಟಿಗೂ ನಡುವೆ ನೀರಿನಲ್ಲಿ ಕರಗುವ ಒಂದು ಪದರ ಇರುತ್ತಿತ್ತು. ಅಂಥವು ಅರ್ಧ ಗಂಟೆಯಿಂದ ಒಂದು ಗಂಟೆ ಬೆಚ್ಚಗಿನ ನೀರಿನಲ್ಲಿದ್ದರೆ ಬಿಡುತ್ತವೆ. ಅಮೆರಿಕದ ಸ್ಟಾಂಪುಗಳಲ್ಲಿ 2000ದ ದಶಕದ ಮಧ್ಯದಿಂದೀಚೆಗೆ ಹೆಚ್ಚಿನವಕ್ಕೆ ಆ ಪದರವೇ ಇಲ್ಲ. ದಿನವಿಡೀ ನೆನೆಸಿದರೂ ಲಕೋಟೆ ಮುದ್ದೆಯಾಗುತ್ತದೆ, ಗೋಂದು ಸ್ಟಾಂಪಿನ ಬೆನ್ನಿಗೇ ಉಳಿಯುತ್ತದೆ. ಅದನ್ನು ಆಲ್ಬಮ್ಮಿಗೆ ಸೇರಿಸಿದರೆ ಅಲ್ಲೇ ಕಚ್ಚುತ್ತದೆ. ಒಂದು ದಾರಿ, ಸುತ್ತ ಐದಾರು ಮಿಲಿಮೀಟರ್ ಕಾಗದವನ್ನು ನಾಲ್ಕೂ ಕಡೆ ಸಮನಾಗಿ ಬಿಟ್ಟು ಕತ್ತರಿಸಿ ಹಾಗೇ ಇಡುವುದು. ನನಗೆ ಇದೇ ಸರಿ ಎನಿಸುತ್ತದೆ. ಬಿಡಿಸಲೇಬೇಕೆಂದರೆ ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ಮಾಡಿದ ಸ್ಪ್ರೇಯನ್ನು ಕಾಗದದ ಹಿಂಭಾಗಕ್ಕೆ ಮಾತ್ರ ಹಾಕಿ, ಕಾಗದ ಎಣ್ಣೆ ಕುಡಿದು ಪಾರದರ್ಶಕವಾದ ಮೇಲೆ ಸುಲಿದು, ಬೆನ್ನಿಗೆ ಟಾಲ್ಕಂ ಪೌಡರ್ ಸವರಬೇಕು. ಪೌಡರ್ ಅಂಟಿನ ಜಿಗುಟನ್ನು ಮುಚ್ಚುತ್ತದೆ. ಕಿಟಕಿ ತೆಗೆದಿರಲಿ, ಹತ್ತಿರ ಒಲೆ, ದೀಪ ಬೇಡ. ಮೊದಲು ಸಾಮಾನ್ಯ ಸ್ಟಾಂಪಿನ ಮೇಲೆ ಪ್ರಯೋಗ ಮಾಡಿ ನೋಡಿ.

ಕೆಲವು ದೇಶಗಳ ವಿಷಯ ತಿಳಿದಿರಲಿ. ಬ್ರಿಟನ್ನಿನ ಸ್ಟಾಂಪಿನ ಮೇಲೆ ದೇಶದ ಹೆಸರಿಲ್ಲ. 1840ರಲ್ಲಿ ಸ್ಟಾಂಪು ಶುರು ಮಾಡಿದ್ದೇ ಅವರಾದ್ದರಿಂದ ರಾಜ ಅಥವಾ ರಾಣಿಯ ತಲೆಯೇ ಗುರುತು. 1967ರಲ್ಲಿ ಬಂದ, ಶಿಲ್ಪಿ ಮೇಚಿನ್ ಹೆಸರಿನ ಮಾಲೆಯ ಎಲಿಜಬೆತ್ ರಾಣಿಯ ಸ್ಟಾಂಪುಗಳಲ್ಲಿ 2009ರ ನಂತರದ ಸ್ಟಿಕ್ಕರುಗಳಿಗೆ ಮರುಬಳಕೆ ತಡೆಯಲೆಂದು ಬಾಗಿದ ಸೀಳುಗಳನ್ನು ಕೊರೆದಿದ್ದಾರೆ. ನೆನೆಸಿ ಅವಸರದಲ್ಲಿ ಎಳೆದರೆ ಸರಿಯಾಗಿ ಆ ಸೀಳಿನಲ್ಲೇ ಎರಡಾಗುತ್ತದೆ. ಪಕ್ಕದಲ್ಲಿ ಬಾರ್‌ಕೋಡ್ ಇರುವ ಹೊಸ ಸ್ಟಾಂಪುಗಳಲ್ಲಿ ಕೋಡಿನ ಭಾಗವೂ ಸ್ಟಾಂಪೇ, ಕತ್ತರಿಸಿ ಬಿಸಾಡಬಾರದು. ಹೆಲ್ವೇಷಿಯಾ ಎಂದಿದ್ದರೆ ಸ್ವಿಟ್ಜರ್ಲೆಂಡ್, ಮಗ್ಯಾರ್ ಎಂದಿದ್ದರೆ ಹಂಗೆರಿ, ಸುವೋಮಿ ಎಂದಿದ್ದರೆ ಫಿನ್‌ಲೆಂಡ್, ಹರ್ವಾಟ್ಸ್ಕಾ ಎಂದಿದ್ದರೆ ಕ್ರೊಯೇಷಿಯಾ. ಜರ್ಮನಿಯಿಂದ ಸ್ಟಾಂಪೇ ಇಲ್ಲದ ಕಾಗದ ಬಂದು, ಮೂಲೆಯಲ್ಲಿ ಹ್ಯಾಷ್ ಗುರುತಿನ ಜೊತೆ 'ಪೋರ್ಟೋ' ಎಂಬ ಪದ, ಅದರ ಕೆಳಗೆ ಪೆನ್ನಿನಲ್ಲಿ ಬರೆದ ಎಂಟು ಅಕ್ಷರ-ಅಂಕಿಗಳ ಸಂಕೇತ ಕಂಡರೆ ಗಾಬರಿ ಬೇಡ, ಅದು ಮೊಬೈಲಿನಲ್ಲಿ ಕೊಂಡ ಅಂಚೆ ವೆಚ್ಚ. ಡೆನ್ಮಾರ್ಕಿನ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಡಿಸೆಂಬರ್ ಕೊನೆಗೆ ಕಾಗದಗಳ ಬಟವಾಡೆಯನ್ನೇ ನಿಲ್ಲಿಸಿತು. 1624ರಿಂದ ನಡೆದುಬಂದ ಸರಕಾರಿ ಅಂಚೆಯ ಕೆಲಸ ಅದು. ಡೆನ್ಮಾರ್ಕಿನಲ್ಲಿರುವ ನೆಂಟರ ಹಳೆಯ ಕಾಗದಗಳು ಯಾರ ಮನೆಯಲ್ಲಾದರೂ ಇದ್ದರೆ ಈಗಲೇ ಕೇಳಿ ತೆಗೆದಿಡಿ.

ಇಂಥ ಕಾಗದಗಳು ಬರುವಂತೆ ಮಾಡಿಕೊಳ್ಳುವುದು ಹೇಗೆ? ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಅಣ್ಣತಮ್ಮ, ಅತ್ತಿಗೆ, ಕಾಲೇಜಿನ ಗೆಳೆಯರಿಗೆ 'ಸ್ಟಾಂಪು ಹಚ್ಚಿ ಕಳಿಸು' ಎಂದಷ್ಟೇ ಹೇಳಿದರೆ ಸಾಲದು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಟ್ಟರೆ ಅಲ್ಲಿನವರು ಯಂತ್ರದಲ್ಲಿ ಅಚ್ಚಾದ ಬಿಳಿ ಚೀಟಿ ಅಂಟಿಸಿ ಕಳಿಸಿಬಿಡುತ್ತಾರೆ. ಚಿತ್ರದ ಸ್ಟಾಂಪು ಬೇಕೆಂದು ಕೇಳಬೇಕು, ತಾವೇ ಅಂಟಿಸಬೇಕು, ಕೈಯಿಂದ ಠಸ್ಸೆ ಒತ್ತಿಕೊಡಿ ಎಂದು ವಿನಂತಿಸಬೇಕು. ಅಮೆರಿಕದಿಂದ ಒಂದು ಔನ್ಸಿನೊಳಗಿನ ಕಾಗದಕ್ಕೆ 2013ರಿಂದ ಬಂದ ದುಂಡನೆಯ, ಯಾವ ದೇಶಕ್ಕಾದರೂ ಸಲ್ಲುವ ಗ್ಲೋಬಲ್ ಫಾರೆವರ್ ಸ್ಟಾಂಪು ಒಂದೇ ಸಾಕು, ಅದನ್ನು ಒಮ್ಮೆ ತರಿಸಿಕೊಂಡ ಮೇಲೆ ಬೇರೆ ಚಿತ್ರಗಳನ್ನು ಕೂಡಿಸಿ ಹಚ್ಚಲು ಹೇಳಿ. ಬಿಳಿ ಲಕೋಟೆ, ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ, ಸ್ಟಾಂಪಿನ ಮೇಲೆ ಸೆಲ್ಲೋಟೇಪ್ ಬೇಡವೇ ಬೇಡ. ಟೇಪಿನ ಗೋಂದು ಕಾಲಕ್ರಮದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ಪರಿಚಯವಿಲ್ಲದವರಿಂದ ಪಡೆಯಲು ಪೋಸ್ಟ್‌ಕ್ರಾಸಿಂಗ್ ಎಂಬ, ಪೋಸ್ಟ್‌ಕಾರ್ಡು ವಿನಿಮಯದ ಜಾಲತಾಣ ಇದೆ. ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯ್ಶ್ 2005ರ ಜುಲೈನಲ್ಲಿ ಆರಂಭಿಸಿದ್ದು, ಸೇರಲು ಹಣವಿಲ್ಲ. ನಿಮಗೆ ಒಬ್ಬರ ವಿಳಾಸ ಮತ್ತು ಒಂದು ಕಾರ್ಡ್ ಸಂಖ್ಯೆ ಸಿಗುತ್ತದೆ. ಕಾರ್ಡು ತಲುಪಿದವರು ಆ ಸಂಖ್ಯೆಯನ್ನು ದಾಖಲಿಸಿದ ಮೇಲೆ ನಿಮ್ಮ ವಿಳಾಸ ಇನ್ನಾರಿಗೋ ಹೋಗುತ್ತದೆ. ಹೊಸಬರು ಒಂದು ಹೊತ್ತಿಗೆ ಐದು ಕಾರ್ಡು ಕಳಿಸಬಹುದು. ಸಂಖ್ಯೆಯನ್ನು ಎರಡು ಕಡೆ ಬರೆಯಿರಿ. ಕಾರ್ಡಿನ ಕೆಳ ಅಂಚಿನಲ್ಲಿ ವಿಂಗಡಣೆ ಯಂತ್ರಗಳು ಗೆರೆಗಳನ್ನು ಅಚ್ಚು ಹಾಕುತ್ತವೆ, ಅಲ್ಲಿ ಬರೆದದ್ದು ಅಳಿಸಿಹೋಗುವ ಸಂಭವ ಹೆಚ್ಚು. ಅರವತ್ತು ದಿನದೊಳಗೆ ತಲುಪದಿದ್ದರೆ ಅವಧಿ ಮುಗಿದದ್ದೆಂದು ತೋರಿಸುತ್ತದೆ, ಆದರೂ ತಡವಾಗಿ ತಲುಪಿದ್ದು ದಾಖಲಾಗುತ್ತದೆ.

ಇಡುವುದಕ್ಕೆ, ಅಂಟಿಸದೆ ಪಟ್ಟಿಗಳೊಳಗೆ ಸ್ಟಾಂಪು ಸಿಕ್ಕಿಸುವ ಸ್ಟಾಕ್‌ಬುಕ್ಕೇ ಉತ್ತಮ, ಪಿವಿಸಿ ಪ್ಲಾಸ್ಟಿಕ್ಕಿನ ಫೋಟೋ ಆಲ್ಬಮ್ ಬೇಡ. ಪುಸ್ತಕವನ್ನು ಮಲಗಿಸದೆ ನಿಲ್ಲಿಸಿ ಇಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಹೊಳವು ಕಂಡ ದಿನ ಪುಟ ತಿರುವಿ ಗಾಳಿಯಾಡಿಸಿ. ಕಂದು ಚುಕ್ಕೆ ಕಂಡ ಸ್ಟಾಂಪನ್ನು ಆ ದಿನವೇ ಬೇರೆ ಮಾಡಿ.

ಕೊನೆಗೆ, ನಾವು ಕಳಿಸುವುದೂ ಅಷ್ಟೇ ಜೋಪಾನವಾಗಿರಬೇಕು. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ (ಜಿಪಿಒ) ಸಂಗ್ರಹಕಾರರಿಗೆಂದೇ ಇರುವ ಫಿಲಾಟೆಲಿ ಬ್ಯೂರೋದಲ್ಲಿ ಹೊಸ ಸ್ಮರಣಾರ್ಥ ಸ್ಟಾಂಪುಗಳು ಸಿಗುತ್ತವೆ. ಕನಿಷ್ಠ 200 ರೂಪಾಯಿ ಕಟ್ಟಿ ಖಾತೆ ತೆರೆದರೆ ಹೊರಬಂದಂತೆ ಮನೆಗೇ ಬರುತ್ತವೆ. ಒಂದೇ ದೊಡ್ಡ ಬೆಲೆಯ ಸ್ಟಾಂಪಿನ ಬದಲು ಐದು ರೂಪಾಯಿಯವನ್ನು ಕೂಡಿಸಿ ಹಚ್ಚಿದರೆ ಆ ಕಡೆಯವರಿಗೆ ಖುಷಿ. ನಮ್ಮ ಸ್ಟಾಂಪಿನ ಅಂಟು ಸಾಲುವುದಿಲ್ಲವೆಂದು ಅಂಚೆ ಕಚೇರಿಯ ಮೇಜಿನ ಮೇಲಿರುವ ಫೆವಿಕಾಲ್ ಬಳಿಯಬೇಡಿ, ಒಣಗಿದ ಮೇಲೆ ಅದು ನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ತೆಳ್ಳಗೆ ಕಾಯಿಸಿದ ಮೈದಾ ಅಂಟನ್ನು ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಬೊಟ್ಟು ಇಟ್ಟು ಒತ್ತಿದರೆ ದಾರಿಯಲ್ಲಿ ಉದುರುವುದಿಲ್ಲ, ಬಟ್ಟಲಿಗೆ ಹಾಕಿದರೆ ಸರಾಗವಾಗಿ ಬಿಡುತ್ತದೆ.