ಏಡಿಗೆ ಏಕಾದಶಿ: ಮಾತಾಡುವ ಪ್ರಾಣಿಗಳ ಒಂದು ಕಂತು ಕಟ್ಟುವ ಬಗೆ

ಮಾತಾಡುವ ಪ್ರಾಣಿಗಳ ಕಾರ್ಟೂನ್ ಮಾಡ ಹೊರಟವರು ಮೊದಲು ಚಿತ್ರ ಬರೆದು, ಕೊನೆಗೆ ದನಿ ಕೂಡಿಸುತ್ತಾರೆ. ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುವುದು ಅಲ್ಲೇ. ಮೊದಲು ದನಿ ಮುಗಿಯಬೇಕು, ಬಾಯಿ ಆಮೇಲೆ.

ಐದು ನಿಮಿಷದ ಒಂದು ಕಂತು ಅಂದುಕೊಳ್ಳಿ. ಜಾಗ ಉತ್ತರ ಕನ್ನಡದ ಹೊನ್ನಾವರದ ಕಾಸರಕೋಡು ಕಡಲತೀರ. ಪಾತ್ರ ಮೂರು ಸಾಕು: ಮರಳಲ್ಲಿ ಬಿಲ ತೋಡುವ ಏಡಿ, ಆಗಷ್ಟೇ ಗೂಡಿನಿಂದ ಮೇಲೆ ಬಂದ ಒಲಿವ್ ರಿಡ್ಲಿ ಕಡಲಾಮೆಯ ಮರಿ, ಗಾಳಿಮರದ ಮೇಲೊಂದು ಗೂಬೆ. ಮರಿ ಕಡಲು ಬಿಟ್ಟು ರಸ್ತೆ ದೀಪದ ಕಡೆ ಹೊರಟಿದೆ. ಇದು ನಿಜವಾಗಿ ನಡೆಯುವುದೇ: ರಾತ್ರಿ ಹೊರಬರುವ ಮರಿಗಳು ಬೆಳಕು ಹೆಚ್ಚಿರುವ ದಿಕ್ಕಿಗೆ ತೆವಳುತ್ತವೆ, ದಡದಲ್ಲಿ ಬಲ್ಬು ಉರಿಯುತ್ತಿದ್ದರೆ ದಾರಿ ತಪ್ಪುತ್ತವೆ. ಕೊನೆಯಲ್ಲಿ ಕರೆಂಟು ಹೋಯಿತು ಅಂತ ಮಾಡಿದರೆ ನಮ್ಮ ಕಡೆ ಯಾರೂ ನಂಬದೆ ಇರುವುದಿಲ್ಲ, ಆದರೆ ಅದು ಸೋಮಾರಿ ಕಥೆ. ಗೂಬೆ ಬಲ್ಬಿನ ಮುಂದೆ ರೆಕ್ಕೆ ಹರಡಿ ಕೂತು ನೆರಳು ಮಾಡಲಿ. ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಜಿಲ್ಲೆಯ ಹೆಮ್ಮೆ ಅಂತ ಇಲ್ಲಿಗೂ ತುರುಕಬೇಡಿ. ಅದು ಹಗಲು ಹಕ್ಕಿ.

ಇನ್ನೊಂದು ತೊಡಕು: ಈ ಏಡಿ ಆಮೆ ಮರಿಗಳನ್ನು ಹಿಡಿದು ತಿನ್ನುತ್ತದೆ. ದಡದ ಊರಿನ ಮಕ್ಕಳಿಗೆ ಅದು ಗೊತ್ತು. ಮುಚ್ಚಿಡುವುದಕ್ಕಿಂತ ಅದನ್ನೇ ನಗೆ ಮಾಡಿ. ಮರಿ ನಡುಗುತ್ತ ನಿಂತಾಗ ಏಡಿ ಹೇಳುತ್ತದೆ: "ಹೆದ್ರಬೇಡ ಮಾರಾಯಾ, ಇವತ್ತು ನಂಗೆ ಏಕಾದಶಿ."

ಈ ಮಾತು ಹಿನ್ನೆಲೆ ಬರೆಯುವವರನ್ನೂ ಕಟ್ಟಿಹಾಕುತ್ತದೆ. ಶುಕ್ಲ ಏಕಾದಶಿಯಾದರೆ ನಡುರಾತ್ರಿಗೆ ಚಂದ್ರ ಪಡುವಣಕ್ಕೆ, ಅಂದರೆ ನಮ್ಮಲ್ಲಿ ಕಡಲ ಮೇಲೆ, ವಾಲಿರುತ್ತಾನೆ. ಗುಡ್ಡದ ಕಡೆ ಹುಣ್ಣಿಮೆ ಚಂದ್ರನನ್ನು ಬರೆದರೆ ಎರಡು ತಪ್ಪು. ಮರಿಯ ಬಣ್ಣವೂ ಹಸಿರಲ್ಲ, ಕಪ್ಪಿಗೆ ತಿರುಗಿದ ಬೂದಿ. ಉದ್ದ ನಾಲ್ಕು ಸೆಂಟಿಮೀಟರ್ ಆಸುಪಾಸು, ಏಡಿಯ ಪಕ್ಕ ನಿಲ್ಲಿಸುವಾಗ ಈ ಅಳತೆ ನೆನಪಿರಲಿ.

ದನಿ ಹಿಡಿಯುವುದು ಮಳೆಗಾಲ ಬಿಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಅನ್ನುವುದು ವ್ಯರ್ಥ ಸಾಹಸ. ಮಳೆಯ ಸದ್ದು ಮಾತಿನೊಳಗೇ ಸೇರಿಬಿಡುತ್ತದೆ, ಆಮೇಲೆ ಅಳಿಸಲು ಹೋದರೆ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಬಟ್ಟೆ, ಹಾಸಿಗೆ ತುಂಬಿದ ಸಣ್ಣ ಕೋಣೆ, ಫ್ಯಾನು ಬಂದ್, ಬಾಯಿಂದ ಮೈಕಿಗೆ ಒಂದು ಗೇಣು. ಮೈಕು ಬಾಯಿಗೆ ನೇರ ಬೇಡ, ತುಸು ಓರೆ ಇರಲಿ. ಇಲ್ಲದಿದ್ದರೆ 'ಪ', 'ಬ' ಬಂದಾಗಲೆಲ್ಲ ಉಸಿರು ಬಡಿದು ಢಬ್ ಅನ್ನುತ್ತದೆ. ಯಾವ ಪಾತ್ರಕ್ಕೆ ಯಾವ ಕಡೆಯ ಕನ್ನಡ ಅನ್ನುವುದೂ ಈಗಲೇ ತೀರ್ಮಾನವಾಗಬೇಕು. ಗೂಬೆ ಶಿರಸಿ ಕಡೆಯದು, ಹವ್ಯಕ ಮಾತಾಡುತ್ತದೆ ಅನ್ನಿ. 'ಹೋಗೋಣ' ಅನ್ನುವಾಗ ತುಟಿ ಒಮ್ಮೆಯೂ ಕೂಡುವುದಿಲ್ಲ. 'ಹೋಪನ' ಅಂದರೆ ನಡುವೆ ಪೂರ್ತಿ ಮುಚ್ಚುತ್ತದೆ. ಚಿತ್ರ ಮುಗಿದ ಮೇಲೆ ಮಾತು ಬದಲಿಸಿದರೆ ಬಾಯಿಗಳನ್ನೆಲ್ಲ ಮತ್ತೆ ಕೂರಿಸಬೇಕು.

ಈಗ ಬಾಯಿ. ಏಳು ಚಿತ್ರ ಸಾಕು. ಪ-ಬ-ಮಗೆ ಮುಚ್ಚಿದ ಬಾಯಿ, ವ-ಫಗೆ ಕೆಳತುಟಿ ಹಲ್ಲಿಗೆ ತಾಗಿದ್ದು, ಕ-ತ-ನ-ಸ ಎಲ್ಲಕ್ಕೂ ಅರೆತೆರೆದದ್ದು, ಇ-ಎಗೆ ಅಗಲದ್ದು, ಆಗೆ ದೊಡ್ಡದು, ಒಗೆ ದುಂಡಗಿನದು, ಉಗೆ ಚೂಪು. ತೆರೆಯ ಮೇಲೆ ಒಂದರ ಹಿಂದೊಂದು ಬರುವ ನಿಂತ ಚಿತ್ರಗಳೇ ಫ್ರೇಮು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ. ಏಡಿಯ ಆ ಒಂದು ಮಾತು ಸುಮಾರು ಎರಡೂವರೆ ಸೆಕೆಂಡು, 60 ಫ್ರೇಮು. ಅದರಲ್ಲಿ ಬಾಯಿ ಮುಚ್ಚುವುದು ಎರಡೇ ಕಡೆ: 'ಬೇ', 'ಮಾ'. ಈ ಎರಡು ಸರಿಯಾಗಿ ಬಿದ್ದರೆ ಉಳಿದದ್ದು ತುಸು ಆಚೀಚೆ ಆದರೂ ಕಣ್ಣು ಕ್ಷಮಿಸುತ್ತದೆ. 'ನಂಗೆ'ಯ ಸೊನ್ನೆ ನೋಡಿ ಬಾಯಿ ಮುಚ್ಚಿಸುವವರಿದ್ದಾರೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿ, ಅಲ್ಲಿ ತುಟಿ ಕೂಡುವುದಿಲ್ಲ. 'ಕಂಬ'ದ ಸೊನ್ನೆಗೆ ಕೂಡುತ್ತದೆ.

ಒತ್ತಕ್ಷರಕ್ಕೆ ಬೇರೆ ಲೆಕ್ಕ. ಒಂಟಿ 'ಬ'ಗೆ ಎರಡು ಫ್ರೇಮು ಮುಚ್ಚಿದರೆ 'ಹಬ್ಬ', 'ಅಪ್ಪ', 'ಅಮ್ಮ'ಗೆ ನಾಲ್ಕು. ಇದನ್ನು ಬಿಟ್ಟರೆ ಆಮೆ ಮರಿ 'ಅಮ್ಮ' ಅಂದದ್ದು 'ಅಮ' ಅಂದ ಹಾಗೆ ಕಾಣುತ್ತದೆ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ವಾಕ್ಯದ ಕೊನೆಯಲ್ಲಿ ಬಾಯಿ ತೆರೆದೇ ಉಳಿಯುತ್ತದೆ. ದನಿ ನಿಂತ ಮೂರ್ನಾಲ್ಕು ಫ್ರೇಮಿನೊಳಗೆ ಮುಚ್ಚಿಸಿ, ಇಲ್ಲದಿದ್ದರೆ ಪಾತ್ರ ಬಾಯಿ ಬಿಟ್ಟುಕೊಂಡು ಪೆದ್ದುಪೆದ್ದಾಗಿ ನಿಂತಿರುತ್ತದೆ. ಬಾಯಿಯನ್ನು ಒಟ್ಟಾರೆ ದನಿಗಿಂತ ಒಂದು ಫ್ರೇಮು ಮುಂದಿಡಿ; ಹಿಂದೆ ಬಿದ್ದರೆ ಡಬ್ ಮಾಡಿದ ಸಿನಿಮಾದಂತೆ ಕಾಣುತ್ತದೆ.

ರೂಬಾರ್ಬ್ ಲಿಪ್ ಸಿಂಕ್ ಅನ್ನುವ ಉಚಿತ ತಂತ್ರಾಂಶ ದನಿ ಕೇಳಿ ಬಾಯಿಗಳನ್ನು ತಾನೇ ಹಂಚುತ್ತದೆ. ಅದು ತಾನಾಗಿ ಇಂಗ್ಲಿಷ್ ಅಂದುಕೊಳ್ಳುತ್ತದೆ, 'ಫೊನೆಟಿಕ್' ಆಯ್ಕೆಗೆ ಬದಲಿಸಿಕೊಳ್ಳಿ. ಆಮೇಲೂ ಪ-ಬ-ಮ ಮತ್ತು ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕು.

ಗೂಬೆಗೆ ಈ ಏಳು ಬಾಯಿ ಹೊಂದುವುದಿಲ್ಲ. ಕೊಕ್ಕನ್ನು ದುಂಡಗೆ ಮಾಡಿದರೆ ರಬ್ಬರಿನ ಹಾಗೆ ಕಾಣುತ್ತದೆ. ಮುಚ್ಚಿದ್ದು, ಅರೆ, ಪೂರ್ತಿ ಅಂತ ಮೂರು ಕೊಕ್ಕು ಇಟ್ಟುಕೊಂಡು, ಒ-ಉ ಬಂದಾಗ ಗಂಟಲು ಉಬ್ಬಿಸಿ.

ಏಡಿಯ ಎಂಟು ಕಾಲು ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದರೆ ಅದು ನಡೆದ ಹಾಗಿರುವುದಿಲ್ಲ, ಹಾರಿದ ಹಾಗಿರುತ್ತದೆ. ನಾಲ್ಕು ನೆಲದಲ್ಲಿರುವಾಗ ನಾಲ್ಕು ಎತ್ತಿ. ಇಕ್ಕುಳದಂಥ ಕೊಂಬುಗಳೆರಡು ಬೇರೆ, ಒಂದು ದೊಡ್ಡದು ಒಂದು ಚಿಕ್ಕದು. ಪಾತ್ರ ತಿರುಗಿದಾಗ ಚಿತ್ರವನ್ನು ಕನ್ನಡಿಯಂತೆ ಮಗುಚಿದರೆ ದೊಡ್ಡ ಕೊಂಬು ಎಡದಿಂದ ಬಲಕ್ಕೆ ಹೋಗಿಬಿಡುತ್ತದೆ. ದೊಡ್ಡವರಿಗಿಂತ ಮೊದಲು ಮಕ್ಕಳೇ ಅದನ್ನು ಹಿಡಿಯುತ್ತಾರೆ.

ಕಡಲ ಮೊರೆತವನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಮಾತಿನಿಂದ 18-20 ಡೆಸಿಬೆಲ್ ಕೆಳಗೆ ಕೂರಿಸಿ. ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿದ್ದು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬರೀ ಸುಯ್ ಅನ್ನಬಹುದು. ಮಕ್ಕಳು ನೋಡುವುದು ಅದರಲ್ಲೇ, ಕೊನೆಯ ಪರೀಕ್ಷೆಯೂ ಅದರಲ್ಲೇ ಆಗಲಿ.